ಶುಕ್ರವಾರ ಸಂಜೆಗೆ ಒಂದು ಹಾಳೆ, ಒಂದು ಹಿಡಿ ದ್ರಾಕ್ಷಿ

ನಾನು ಹುಟ್ಟಿದ್ದು ಸಾಗರದ ಕಡೆ, ಮದುವೆಯಾಗಿದ್ದು ಬಾಸ್ಟನ್ನಿನ ಯಹೂದಿ ಮನೆಗೆ. ತಿಂಗಳಿಗೊಂದು ಶುಕ್ರವಾರ ಸಂಜೆ ಹತ್ತು ಹನ್ನೆರಡು ಜನ ನಮ್ಮಲ್ಲಿ ಸೇರುತ್ತೇವೆ. ಊಟ ಮಾಡುತ್ತೇವೆ, ಯಹೂದಿಗಳ ಪವಿತ್ರ ಗ್ರಂಥ ತೋರಾದಲ್ಲಿ ಆ ವಾರಕ್ಕೆ ಬರುವ ಭಾಗ ಓದಿ ವಾದ ಮಾಡುತ್ತೇವೆ. ಇಂಥ ಗುಂಪಿಗೆ ಹವೂರಾ ಅನ್ನುತ್ತಾರೆ. ಇಲ್ಲೇ ಹತ್ತಿರದಲ್ಲಿ 1968ರಲ್ಲೇ ಹವುರಾತ್ ಶಾಲೋಮ್ ಎಂಬ ಇಂಥದೊಂದು ಗುಂಪು ಶುರುವಾಗಿತ್ತು. ಈ ಊರಿಗೆ ಇದು ಹಳೆಯದು, ಹೊಸದು ನನಗೆ.

ಚರ್ಚೆ ನಡೆಸುವ ಪಾಳಿ ಮೊದಲ ಸಲ ನನಗೆ ಬಂದಾಗ ಆರು ಪುಟ ಬರೆದಿಟ್ಟುಕೊಂಡೆ. ಇಪ್ಪತ್ತು ನಿಮಿಷ ಓದಿದೆ. ಎಲ್ಲರೂ ಬಹಳ ಮರ್ಯಾದೆಯಿಂದ ಕೇಳಿದರು. ಮುಗಿದ ಮೇಲೆ ಒಬ್ಬರು, ಸಿಹಿ ತರೋಣವಾ ಅಂದರು. ಅಷ್ಟೇ ಚರ್ಚೆ.

ಅದಕ್ಕೂ ಮುಂಚೆ ಇನ್ನೊಂದು ಎಡವಟ್ಟು ಆಗಿತ್ತು. ಪ್ರತಿ ತಟ್ಟೆಯ ಪಕ್ಕ ಒಂದು ಪೆನ್ನು ಇಟ್ಟಿದ್ದೆ. ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಪಾಲಿಸುವವರು ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಬರೆಯುವುದಿಲ್ಲ, ಪೆನ್ನು ಕೈಗೂ ತೆಗೆದುಕೊಳ್ಳುವುದಿಲ್ಲ. ನಮ್ಮ ಅತ್ತೆಯ ಗೆಳತಿ, ಎಂಬತ್ತು ದಾಟಿದವರು, ಮೊಣಕೈಯಿಂದ ಪೆನ್ನನ್ನು ಮೆಲ್ಲಗೆ ನೀರಿನ ಜಗ್ಗಿನ ಹಿಂದಕ್ಕೆ ತಳ್ಳಿದರು. ನನಗೇನೂ ಹೇಳಲಿಲ್ಲ. ಆದರೆ ನಾನು ನೋಡಿಬಿಟ್ಟೆ.

ಈಗ ಒಂದೇ ಹಾಳೆ. ಸೆಫಾರಿಯಾ ತಾಣದಲ್ಲಿ ಮೂಲವೂ ಇಂಗ್ಲಿಷ್ ಅನುವಾದವೂ ಸಿಗುತ್ತವೆ, ಗುರುವಾರ ರಾತ್ರಿಯೇ ಪ್ರಿಂಟ್ ತೆಗೆದಿಡುತ್ತೇನೆ. ಒಂದು ಮಗ್ಗುಲಲ್ಲಿ ತೋರಾದ ನಾಲ್ಕೈದು ಸಾಲು. ಇನ್ನೊಂದರಲ್ಲಿ ತಾಲ್ಮುದ್‌ನದು ಒಂದೆರಡು ಮಾತು, ರಾಶಿಯವರದು ಒಂದು. ತಾಲ್ಮುದ್ ಅಂದರೆ ಹಿಂದಿನ ಯಹೂದಿ ಪಂಡಿತರ ಚರ್ಚೆಗಳ ಸಂಗ್ರಹ. ರಾಶಿ ಅಂದರೆ 11ನೇ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರರು. ನಮ್ಮ ಕಡೆ ರಾಶಿ ಅಂದರೆ ಜಾಸ್ತಿ ಅಂತ. ಇವರೂ ರಾಶಿ ಬರೆದಿದ್ದಾರೆ ಬಿಡಿ.

ಪೆನ್ನಿನ ಬದಲು ಮೇಜಿನ ನಡುವೆ ಒಣದ್ರಾಕ್ಷಿ ಬಟ್ಟಲು ಇಡುತ್ತೇನೆ. ಓದುವಾಗ ಎಲ್ಲಿ ತಲೆ ಕೆರೆದುಕೊಳ್ಳುವ ಹಾಗಾಗುತ್ತದೋ ಆ ಸಾಲಿನ ಮೇಲೆ ಒಂದು ದ್ರಾಕ್ಷಿ. ಮಕ್ಕಳು ಆಗಾಗ ದೊಡ್ಡವರ ಪ್ರಶ್ನೆಗಳನ್ನು ತಿಂದುಬಿಡುತ್ತಾರೆ, ಅದೊಂದು ತೊಂದರೆ.

ಅಡುಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾಂಸ ಮಾಡದಿದ್ದರೆ ಹಾಲು, ಮಾಂಸ ಬೆರೆಯಬಾರದೆಂಬ ಕೋಷರ್ ಚಿಂತೆ ಅರ್ಧ ಕಮ್ಮಿ. ನವೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಅದಕ್ಕೆ 18 ನಿಮಿಷ ಮುಂಚೆ ದೀಪ ಹಚ್ಚಬೇಕು, ಆಮೇಲೆ ಒಲೆ ಮುಟ್ಟುವ ಹಾಗಿಲ್ಲ. ಬಿಸಿ ಮಾಡುವ ಗೋಜೇ ಇಲ್ಲದ ತಂಬುಳಿ ಇದಕ್ಕೆ ಹೇಳಿ ಮಾಡಿಸಿದ್ದು.

ದ್ರಾಕ್ಷಾರಸದ ಮೇಲೆ ಪ್ರಾರ್ಥನೆ, ಹಲ್ಲಾ ಬ್ರೆಡ್ಡು, ಊಟ. ತಟ್ಟೆ ಸರಿಸಿದ ಮೇಲೆ ಇಬ್ಬಿಬ್ಬರಾಗಿ ಕೂರಿಸುತ್ತೇನೆ. ಈ ಜೋಡಿ ಓದಿಗೆ ಹವ್ರೂತಾ ಅನ್ನುತ್ತಾರೆ. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸುವುದಿಲ್ಲ, ಅವರ ವಾದ ಬೇರೆ ಕಡೆ ಹೋಗುತ್ತದೆ. ಜೋಡಿ ಯಾಕೆ ಅಂದವರಿಗೆ ತಾಲ್ಮುದ್‌ನ ರಬ್ಬಿ (ಧರ್ಮಪಂಡಿತ) ಯೋಹಾನಾನರ ಕಥೆ ಹೇಳುತ್ತೇನೆ. ಜೊತೆಗಾರ ರೇಶ್ ಲಾಕಿಶ್ ತೀರಿಕೊಂಡ ಮೇಲೆ ಅವರ ಬಳಿಗೆ ಇನ್ನೊಬ್ಬ ಪಂಡಿತರನ್ನು ಕಳಿಸಿದರು. ಇವರು ಏನು ಹೇಳಿದರೂ ಆತ ಹೌದು ಹೌದು ಎಂದು ಆಧಾರ ಕೊಡುತ್ತಿದ್ದ. ಯೋಹಾನಾನರಿಗೆ ಸಿಟ್ಟು ಬಂತು. ಅವನಾಗಿದ್ದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ ಅಂದರು. ಆರು ಪುಟ ಓದಿದ ದಿನ ನನ್ನ ಮೇಜಿನ ಸುತ್ತ ಹೌದು ಹೌದು ಅನ್ನುವವರೇ ಇದ್ದರು.

ಕಳೆದ ನವೆಂಬರಿನಲ್ಲಿ ಓದಿದ್ದು ವಯೇರಾ ಭಾಗ. ಅಬ್ರಹಾಂ ಮೂರು ಜನ ಅತಿಥಿಗಳನ್ನು ಕಂಡು ಓಡಿ ಹೋಗುತ್ತಾನೆ. ಒಂದು ತುಂಡು ರೊಟ್ಟಿ ಕೊಡುತ್ತೇನೆ ಅನ್ನುತ್ತಾನೆ. ಗುಡಾರಕ್ಕೆ ಬಂದು ಹೆಂಡತಿ ಸಾರಾಳಿಗೆ, ಬೇಗ ಮೂರು ಸೆಯಾ (ಹಳೆಯ ಕಾಲದ ಅಳತೆ) ಹಿಟ್ಟು ಕಲಸು ಅನ್ನುತ್ತಾನೆ. ಆಮೇಲೆ ಮೊಸರು, ಹಾಲು, ಕರುವಿನ ಮಾಂಸ ಬಡಿಸುತ್ತಾನೆ. ಹಾಲಿನ ಜೊತೆ ಮಾಂಸ ಹೇಗೆ ಅಂತ ತಕ್ಷಣ ಗಲಾಟೆ ಶುರು. ತೋರಾ ಕೊಟ್ಟಿದ್ದೇ ಆಮೇಲಲ್ವಾ ಅಂತ ಒಬ್ಬರು. ಮೊದಲು ಹಾಲು ಕೊಟ್ಟು ಆಮೇಲೆ ಮಾಂಸ ಬಡಿಸಿರಬೇಕು ಅಂತ ಇನ್ನೊಬ್ಬರು.

ನನ್ನ ದ್ರಾಕ್ಷಿ ಬೇರೆ ಕಡೆ ಇತ್ತು. ಹೀಬ್ರೂ ಮೂಲದಲ್ಲಿ ಹಿಟ್ಟಿಗೆ ಎರಡು ಪದ ಒಟ್ಟಿಗೆ ಬರುತ್ತವೆ. ಕೆಮಖ್ ಅಂದರೆ ಸಾದಾ ಹಿಟ್ಟು, ಸೋಲೆತ್ ಅಂದರೆ ನಯವಾದ ಒಳ್ಳೆ ಹಿಟ್ಟು. ಎರಡು ಯಾಕೆ? ಅತಿಥಿಗಳ ವಿಷಯದಲ್ಲಿ ಗಂಡಸಿಗಿಂತ ಹೆಂಗಸಿನ ಕೈ ಬಿಗಿ ಅಂತ ಇದರಿಂದ ಗೊತ್ತಾಗುತ್ತದೆ ಎಂದು ತಾಲ್ಮುದ್ ಹೇಳುತ್ತದೆ. ನನಗೆ ಮೈ ಉರಿಯಿತು. ಮಾತು ಕೊಟ್ಟವನು ಅವನು, ಕಲಸಿದವಳು ಅವಳು, ಜುಗ್ಗಿ ಅನ್ನೋ ಹೆಸರೂ ಅವಳಿಗೇನಾ? ಬೆಳಗಿನಿಂದ ಅಡುಗೆಮನೆಯಲ್ಲಿ ನಿಂತ ಸಿಟ್ಟೂ ಅದರಲ್ಲಿ ಸ್ವಲ್ಪ ಸೇರಿತ್ತು.

ಆಗ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಹಾಳೆಯ ಮೇಲೆ ಬೆರಳಿಟ್ಟು, ಇಲ್ಲಿ ಸಾರಾ ಬಾಯೇ ತೆರೆದಿಲ್ಲ, ಎರಡೂ ಪದ ಅಬ್ರಹಾಮನದೇ ಅಂದಳು. ಎಲ್ಲರೂ ಮತ್ತೆ ಸಾಲು ನೋಡಿದರು. ಹೌದು! ಹಾಗಾದರೆ ಸಾದಾ ಹಿಟ್ಟು ಅಂದುಬಿಟ್ಟು ನಾಲಗೆ ಕಚ್ಚಿಕೊಂಡು, ಅಲ್ಲ ಅಲ್ಲ, ಒಳ್ಳೆಯದೇ ಹಾಕು ಅಂದವನು ಅವನೇ ಇರಬಹುದಲ್ಲ? ಎಂಬತ್ತರ ಅಜ್ಜಿ ಒಪ್ಪಲಿಲ್ಲ. ಹಿಂದಿನವರು ಸುಮ್ನೆ ಹೇಳಿರುವುದಿಲ್ಲ ಅಂತ ಅವರ ಹಠ. ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತರೂ ಅಜ್ಜಿ, ಹುಡುಗಿ ಇಬ್ಬರದೂ ಮುಗಿದಿರಲಿಲ್ಲ. ಮಾತಾಡುತ್ತಲೇ ನಡೆದುಕೊಂಡು ಹೋದರು.

ಮುಂದಿನ ಪಾಳಿ ನಮ್ಮ ಯಜಮಾನರದು. ನಾಲ್ಕು ಪುಟ ಬರೆದಿಟ್ಟುಕೊಂಡಿದ್ದಾರೆ. ನಾನಿನ್ನೂ ಏನೂ ಹೇಳಿಲ್ಲ.