ದಿನ ತುಂಬದ ಮಗು, ಹೊಕ್ಕುಳಬಳ್ಳಿ ಮತ್ತು ಗೋಡೆ ಗಡಿಯಾರ

ಮಂಡ್ಯ ಜಿಲ್ಲೆಯ ನಮ್ಮ ಲೇಬರ್ ವಾರ್ಡಿಗೆ ಹೊಸದಾಗಿ ಬರುವ ಸಿಸ್ಟರ್‌ಗಳಿಗೆ ನಾನು ಮೊದಲು ತೋರಿಸುವುದು ಗೋಡೆ ಗಡಿಯಾರ. ದಿನ ತುಂಬದ ಮಗುವಿನ ಹೊಕ್ಕುಳಬಳ್ಳಿಗೆ ಕ್ಲ್ಯಾಂಪ್ (ಬಳ್ಳಿಯನ್ನು ಬಿಗಿಹಿಡಿಯುವ ಚಿಮುಟ) ಹಾಕುವ ಮುಂಚೆ ನಿಮಿಷ ಕಾಯಬೇಕು, ಆದರೆ ಕ್ಲ್ಯಾಂಪ್ ಹಿಡಿದವಳಿಗೆ ಹೊತ್ತಿನ ಅಂದಾಜು ಸಿಗುವುದಿಲ್ಲ. ಒಮ್ಮೆ ನಾನೇ ನಿಮಿಷವಾಯಿತೆಂದು ಕ್ಲ್ಯಾಂಪ್ ಹಾಕಿಬಿಟ್ಟೆ. ಆಯಾ ಗಡಿಯಾರ ನೋಡಿ, "ಇನ್ನೂ ಇಪ್ಪತ್ತೈದೇ ಸೆಕೆಂಡು ಕಣ್ ಸಿಸ್ಟ್ರೇ" ಅಂದಳು. ಅವತ್ತಿನಿಂದ ಲೆಕ್ಕ ಹೇಳುವ ಕೆಲಸ ಆಯಾದೇ. 30, 45, 60 ಅಂತ ಜೋರಾಗಿ ಕೂಗಬೇಕು.

37 ವಾರ ತುಂಬದೆ ಹುಟ್ಟಿದ ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಕನಿಷ್ಠ 60 ಸೆಕೆಂಡು ಬಳ್ಳಿಗೆ ಕ್ಲ್ಯಾಂಪ್ ಹಾಕದೆ ಬಿಡಿ. ಮಗು ಕಬ್ಬಿಣಾಂಶ ಕೂಡಿಡುವುದು ಹೆಚ್ಚಾಗಿ ಬಸಿರಿನ ಕೊನೆಯ 3 ತಿಂಗಳಲ್ಲಿ. ಮೊದಲೇ ಬಂದದ್ದರ ಗಂಟು ಸಣ್ಣದು. ಮಾಸಿನಲ್ಲಿರುವ ರಕ್ತ ಮಗುವಿಗೆ ಹರಿದರೆ ಕಬ್ಬಿಣವೂ ಜೊತೆಗೇ ಬರುತ್ತದೆ. "ನಮ್ ಕಾಲ್ದಲ್ಲಿ ಸೂಲಗಿತ್ತಿ ಮಾಸು ಬೀಳೋಗಂಟ ಬಳ್ಳಿ ಮುಟ್ತಿರ್ಲಿಲ್ಲ ಕಣವ್ವ" ಅಂತ ಅಜ್ಜಿಯೊಬ್ಬರು ನನಗೇ ಪಾಠ ಹೇಳಿದ್ದರು!

ಕಾಯುವಾಗ ಕೈ ಸುಮ್ಮನಿರಬಾರದು. ಮಗುವನ್ನು ತಾಯಿಯ ಹೊಟ್ಟೆ ಮೇಲಿಟ್ಟು ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿ, ಒದ್ದೆಯಾದದ್ದನ್ನು ಎಳೆದುಹಾಕಿ, ಒಣಗಿದ್ದು ಹೊದಿಸಿ. ತಲೆಗೆ ಟೋಪಿ. ಬೆನ್ನು ಸವರಿದರೂ ಉಸಿರಾಡದಿದ್ದರೆ, ಬಳ್ಳಿ ಹರಿದಿದ್ದರೆ, ತಾಯಿಗೆ ರಕ್ತ ಸುರಿಯುತ್ತಿದ್ದರೆ ಗಡಿಯಾರ ಮರೆತು ಡಾಕ್ಟರ್ ಹೇಳಿದಂತೆ ನಡೆಯಿರಿ. ಬೇಗ ಆಗಲಿ ಅಂತ ಬಳ್ಳಿ ಹಿಂಡಬೇಡಿ. 28 ವಾರದೊಳಗೆ ಹುಟ್ಟಿದ ಮಗುವಿಗಂತೂ ಹಾಗೆ ಹಿಂಡಿದರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ.

ಬಳ್ಳಿಯಿಂದ ಬಂದದ್ದಷ್ಟೇ ಸಾಲದು, ಕಬ್ಬಿಣಾಂಶದ ಡ್ರಾಪ್ಸ್ ಬೇಕೇ ಬೇಕು. ತೀರಾ ಕಡಿಮೆ ತೂಕದ, ಎದೆಹಾಲಿನ ಮಗುವಿಗೆ 2 ವಾರದಿಂದ ದಿನಕ್ಕೆ ಕೆಜಿಗೆ 2ರಿಂದ 4 ಮಿಲಿಗ್ರಾಂ ಕಬ್ಬಿಣಾಂಶ. ಎಷ್ಟು, ಯಾವಾಗಿಂದ ಅನ್ನುವುದನ್ನು ಮಕ್ಕಳ ಡಾಕ್ಟರೇ ಬರೆಯಬೇಕು. ಎಡವಟ್ಟಾಗುವುದು ಆಮೇಲೆ. ಕೆ.ಆರ್. ಪೇಟೆ ಕಡೆಯ ಬಾಣಂತಿಯೊಬ್ಬಳು ಮಗು 1.5 ಕೆಜಿ ಇದ್ದಾಗ ಬರೆದುಕೊಟ್ಟದ್ದನ್ನೇ 3 ಕೆಜಿ ಆದಮೇಲೂ ಹಾಕುತ್ತಿದ್ದಳು. ಕೆಜಿಗೆ 2ರ ಲೆಕ್ಕದಲ್ಲಿ 3 ಮಿಲಿಗ್ರಾಂ ಇದ್ದದ್ದು 6 ಆಗಬೇಕಿತ್ತು. ಪಾಪ, ಅವಳಿಗೆ ಯಾರೂ ಹೇಳಿರಲಿಲ್ಲ. ಪ್ರತಿ ಸಲ ತೂಕ ಹಾಕಿದಾಗಲೂ ಡೋಸ್ ಕೇಳಲು ಹೇಳಿ. ಮೆಡಿಕಲ್‌ನವರು ಬೇರೆ ಕಂಪನಿ ಬಾಟಲಿ ಕೊಟ್ಟರೆ ಹಳೇ ಹನಿ ಲೆಕ್ಕ ನಡೆಯುವುದಿಲ್ಲ, ಒಂದೊಂದರಲ್ಲಿ ಒಂದೊಂದು ಪ್ರಮಾಣವಿರುತ್ತದೆ.

ಡಿಸ್ಚಾರ್ಜ್ ದಿನ ಇದನ್ನು ತಾಯಿಯ ಜೊತೆ ಅಜ್ಜಿಯನ್ನೂ ಕೂರಿಸಿಕೊಂಡು ಹೇಳಿ. ಡ್ರಾಪ್ಸ್‌ನಿಂದ ಮಗುವಿನ ಕಕ್ಕ ಕಪ್ಪಗಾಯಿತೆಂದು ಹೆದರಿ ಬಾಟಲಿ ಬಚ್ಚಿಡುವವರು ಅವರೇ. ಕಬ್ಬಿಣ ಬರಲಿ ಅಂತ ಬೆಲ್ಲದ ನೀರು ನೆಕ್ಕಿಸುವವರೂ ಅವರೇ.