ಟೊರೆಂಟ್ ಕಲಿಯುವವರು ಮೊದಲು ಅಪ್‌ಲೋಡ್ ಮಿತಿ ಹಾಕಲು ಕಲಿಯಿರಿ

ಟೊರೆಂಟ್, ಅಂದರೆ ಜನ ಒಬ್ಬರಿಗೊಬ್ಬರು ನೇರವಾಗಿ ಫೈಲ್ ಹಂಚಿಕೊಳ್ಳುವ ವಿಧಾನ, ಹೊಸದಾಗಿ ಹಿಡಿದವರು ಎಡವುವುದು ಡೌನ್‌ಲೋಡ್‌ನಲ್ಲಲ್ಲ, ಅಪ್‌ಲೋಡ್‌ನಲ್ಲಿ. "ಫೈಲ್ ಬೇಕಾಗಿರೋದು ನಂಗೆ, ನಾನ್ಯಾಕೆ ಕಳಿಸ್ಲಿ?" ಎಂದು ಅದನ್ನು ನಿಲ್ಲಿಸಲು ಹೋಗುತ್ತಾರೆ. ಆಮೇಲೆ ಸ್ಪೀಡೇ ಇಲ್ಲ ಎನ್ನುತ್ತಾರೆ. 2001ರಲ್ಲಿ ಬ್ರಾಮ್ ಕೊಹೆನ್ ರೂಪಿಸಿದ, ಟೊರೆಂಟ್‌ಗೆ ಆಧಾರವಾದ ಬಿಟ್‌ಟೊರೆಂಟ್ ನಿಂತಿರುವುದೇ ಕೊಟ್ಟು ತೆಗೆದುಕೊಳ್ಳುವುದರ ಮೇಲೆ. ಫೈಲು ತುಂಡು ತುಂಡಾಗಿ ಹಲವರ ಕಂಪ್ಯೂಟರ್‌ಗಳಿಂದ ಬರುತ್ತದೆ. ನಿಮಗೆ ಬಂದ ತುಂಡು ನಿಮ್ಮಿಂದ ಇನ್ನೊಬ್ಬರಿಗೆ ಹೋಗುತ್ತದೆ. ಚೆನ್ನಾಗಿ ಕೊಡುವವರಿಗೇ ಬೇರೆಯವರ ಕಂಪ್ಯೂಟರ್‌ಗಳೂ ಮೊದಲು ಕೊಡುತ್ತವೆ.

ಹಂತ 1: ಕ್ಯೂಬಿಟ್‌ಟೊರೆಂಟ್ ಎಂಬ ಕ್ಲೈಂಟ್ (ಟೊರೆಂಟ್ ನಡೆಸುವ ಸಾಫ್ಟ್‌ವೇರ್) ಹಾಕಿಕೊಳ್ಳಿ. ಉಚಿತ, ಜಾಹೀರಾತಿಲ್ಲ. ಅದರದೇ ವೆಬ್‌ಸೈಟಿನಿಂದ ತೆಗೆದುಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಜೊತೆಗೆ ಇನ್ನೊಂದು ಸಾಫ್ಟ್‌ವೇರ್ ತುರುಕುವ ಯಾವ ಕ್ಲೈಂಟೂ ಬೇಡ, ಎಷ್ಟೇ ಹೆಸರುವಾಸಿಯಾಗಿರಲಿ.

ಹಂತ 2: ಮೊದಲ ಪ್ರಯೋಗಕ್ಕೆ ಉಬುಂಟು ಅಥವಾ ಡೆಬಿಯನ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂನ ಐಎಸ್‌ಒ ಫೈಲ್ (ಅದನ್ನು ಇನ್‌ಸ್ಟಾಲ್ ಮಾಡಲು ಬೇಕಾದ ಫೈಲ್) ಆರಿಸಿ. ಅವರೇ ಅಧಿಕೃತವಾಗಿ ಟೊರೆಂಟ್ ಕೊಡುತ್ತಾರೆ, ಕೊಡುವವರೂ ಬೇಕಾದಷ್ಟು ಜನ ಇರುತ್ತಾರೆ. ಕದ್ದ ಸಿನಿಮಾದ ತಂಟೆಗೆ ಹೋಗಬೇಡಿ. ಕಾನೂನು ಒಂದು ಕಡೆ ಇರಲಿ, ಅದೇ ಫೈಲ್ ಹಂಚಿಕೊಳ್ಳುತ್ತಿರುವ ಎಲ್ಲರಿಗೂ ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ಕಾಣುತ್ತದೆ.

ಹಂತ 3: ಟೊರೆಂಟ್ ಫೈಲ್ (ಏನನ್ನು ಇಳಿಸಬೇಕೆಂದು ಕ್ಲೈಂಟ್‌ಗೆ ಹೇಳುವ ಪುಟ್ಟ ಫೈಲ್) ಅಥವಾ ಅದೇ ಕೆಲಸ ಮಾಡುವ ಮ್ಯಾಗ್ನೆಟ್ ಲಿಂಕ್ ಒತ್ತಿ, ಫೋಲ್ಡರ್ ಆರಿಸಿ, ಓಕೆ ಕೊಡಿ.

ಹಂತ 4: ಇಲ್ಲಿ ನಿಧಾನಿಸಿ. ಆಪ್ಷನ್ಸ್‌ನಲ್ಲಿ ಸ್ಪೀಡ್ ಎಂಬ ಪುಟವಿದೆ. ಅಲ್ಲಿ ಅಪ್‌ಲೋಡ್ ಮುಂದೆ ತುಂಬಾ ಜನ ಸೊನ್ನೆ ಹಾಕಿ, ನಿಂತುಹೋಯಿತು ಅಂದುಕೊಳ್ಳುತ್ತಾರೆ. ಸೊನ್ನೆ ಅಂದರೆ ಅಲ್ಲಿ ಮಿತಿಯೇ ಇಲ್ಲ ಎಂದರ್ಥ! ಅಪ್‌ಲೋಡ್ ಪೂರ್ತಿ ತುಂಬಿಕೊಳ್ಳುತ್ತದೆ, ಡೌನ್‌ಲೋಡೂ ಕುಸಿಯುತ್ತದೆ. ಯಾಕೆ ಗೊತ್ತಾ? ಫೈಲ್ ಇಳಿಸುವಾಗಲೂ ನಿಮ್ಮ ಕಂಪ್ಯೂಟರ್ "ಇದು ಬಂತು, ಮುಂದಿನದು ಕಳಿಸಿ" ಎಂದು ಹೇಳುತ್ತಲೇ ಇರಬೇಕು. ಆ ಮಾತು ಹೋಗುವುದು ಅಪ್‌ಲೋಡ್ ದಾರಿಯಲ್ಲೇ. ಸುಮ್ನೆ 1 ಅಂತ ಹಾಕಿದರೂ ಪ್ರಯೋಜನವಿಲ್ಲ, ಕೊಡದವರಿಗೆ ಸಿಗುವುದೂ ಕಡಿಮೆ.

ಸ್ಪೀಡ್ ಟೆಸ್ಟ್ ಮಾಡಿ ಅಪ್‌ಲೋಡ್ ವೇಗ ನೋಡಿ. ಅದು ಮೆಗಾಬಿಟ್‌ನಲ್ಲಿರುತ್ತದೆ, ಕ್ಲೈಂಟ್ ಕೇಳುವುದು ಕಿಲೋಬೈಟ್ ಲೆಕ್ಕ. 8 ಬಿಟ್‌ಗೆ 1 ಬೈಟ್, ಕ್ಲೈಂಟ್ ಲೆಕ್ಕದಲ್ಲಿ 1,024 ಬೈಟ್‌ಗೆ 1 ಕಿಲೋಬೈಟ್. 10 ಮೆಗಾಬಿಟ್ ಇದ್ದರೆ ಸೆಕೆಂಡಿಗೆ ಸುಮಾರು 1,220 ಕಿಲೋಬೈಟ್ ಆಯಿತು. ಅದರಲ್ಲಿ ಶೇ 80, ಅಂದರೆ 975ರ ಆಸುಪಾಸು ಹಾಕಿ. ಮನೆಯಲ್ಲಿ ಯಾರಾದರೂ ವಿಡಿಯೊ ಕಾಲ್‌ನಲ್ಲಿದ್ದರೆ ಇನ್ನೂ ಇಳಿಸಿ. ಡೌನ್‌ಲೋಡ್ ಮಿತಿಯನ್ನು ಮುಟ್ಟಬೇಡಿ. "ವೇಗ ಹತ್ತು ಪಟ್ಟು" ಎನ್ನುವ ಟೊರೆಂಟ್ ಬೂಸ್ಟರ್‌ಗಳನ್ನಂತೂ ಹತ್ತಿರಕ್ಕೂ ಸೇರಿಸಬೇಡಿ.

ಪ್ರತಿ ತುಂಡನ್ನೂ ಕ್ಲೈಂಟ್ ತಾನೇ ತಾಳೆ ನೋಡುತ್ತದೆ, ಹಾಳಾಗಿದ್ದರೆ ಮತ್ತೆ ತರಿಸುತ್ತದೆ. ಆದರೆ ಮೂಲ ಫೈಲಿನಲ್ಲೇ ವೈರಸ್ ಇದ್ದರೆ ಅದೂ ಅಚ್ಚುಕಟ್ಟಾಗಿ ಬರುತ್ತದೆ. ವಿಡಿಯೊ ಎಂದು ಹೇಳಿ .ಇಎಕ್ಸ್‌ಇ (ವಿಂಡೋಸ್ ಪ್ರೋಗ್ರಾಂ ಫೈಲ್) ಬಂದಿದ್ದರೆ ತೆರೆಯದೆ ಅಳಿಸಿ.

ಹಂತ 5: ಮುಗಿದ ಕೂಡಲೇ ಮುಚ್ಚಬೇಡಿ. ರೇಷಿಯೊ 1 ಆಗುವ ತನಕ, ಅಂದರೆ ಪಡೆದಷ್ಟನ್ನು ಕೊಡುವ ತನಕ ಬಿಡಿ. ಅಷ್ಟರೊಳಗೆ ಫೈಲನ್ನು ಬೇರೆ ಫೋಲ್ಡರಿಗೆ ಎಳೆದು ಹಾಕಿದರೆ ಕ್ಲೈಂಟ್‌ಗೆ ಅದು ಸಿಗುವುದಿಲ್ಲ, ಹಂಚಿಕೆ ನಿಲ್ಲುತ್ತದೆ. ಟೊರೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಲೊಕೇಶನ್ ಮೂಲಕವೇ ಸಾಗಿಸಿ. ಕೊನೆಗೆ ಪಟ್ಟಿಯಿಂದ ತೆಗೆಯುವಾಗ, ಫೈಲ್‌ಗಳನ್ನೂ ಅಳಿಸುವ ಚೌಕಕ್ಕೆ ಟಿಕ್ ಬಿದ್ದಿಲ್ಲ ತಾನೇ ಎಂದು ನೋಡಿಕೊಂಡು ಒತ್ತಿ.