ಕಾಯಿ ತಂದು ಮನೆಯಲ್ಲೇ ಮಾವು ಹಣ್ಣು ಮಾಡಿ

ಹಿತ್ತಲಲ್ಲಿ ಮಾವಿನ ಮರ ಇರುವವರಿಗೆ, ರಾಮನಗರ, ಶ್ರೀನಿವಾಸಪುರ ಕಡೆಯ ರೈತರಿಂದ ನೇರವಾಗಿ ಕಾಯಿ ತರಿಸುವವರಿಗೆ ಈ ಸಲಹೆ.

ಬಲಿತ ಕಾಯಿಯನ್ನೇ ಆರಿಸಿ. ತೊಟ್ಟಿನ ಎರಡೂ ಪಕ್ಕ ಉಬ್ಬಿ, ತೊಟ್ಟು ಒಳಗೆ ಕುಳಿತಂತೆ ಕಂಡರೆ ಬಲಿತಿದೆ ಎಂದರ್ಥ. ಎಳೆಗಾಯಿ ಸುಮ್ನೆ ಸುಕ್ಕುಗಟ್ಟುತ್ತದೆ, ಸಿಹಿ ಬರುವುದಿಲ್ಲ. ಅದನ್ನು ಚಿತ್ರಾನ್ನಕ್ಕೆ ಬಳಸಿ.

ಕೀಳುವಾಗ ಸ್ವಲ್ಪ ಉದ್ದ ತೊಟ್ಟು ಬಿಡಿ. ಆಮೇಲೆ ತೊಟ್ಟು ಮುರಿದು, ಕಾಯಿಯನ್ನು ತಲೆಕೆಳಗಾಗಿಟ್ಟು ಸೊನೆ ಪೂರ್ತಿ ಇಳಿಯಲು ಬಿಡಿ. ಈ ಕೆಲಸ ಮಾತ್ರ ತಪ್ಪಿಸಬೇಡಿ. ಸೊನೆ ತಗುಲಿದರೆ ಸಿಪ್ಪೆ ಸುಟ್ಟಂತೆ ಕಪ್ಪಾಗುತ್ತದೆ. ಕೆಲವರ ಕೈಗೂ ಗುಳ್ಳೆ ಏಳುತ್ತದೆ.

ನಂತರ ತೊಳೆದು, ಚೆನ್ನಾಗಿ ಒರೆಸಿ, ಭತ್ತದ ಹುಲ್ಲಿನ ಮೇಲೆ ಒಂದೇ ಪದರವಾಗಿ ಹರಡಿ. ಹುಲ್ಲು ಸಿಗದಿದ್ದರೆ ಪೇಪರ್ ಸಾಕು. ಬೇಗ ಬೇಕಾದರೆ ಪಕ್ಕದಲ್ಲಿ ಮಾಗಿದ ಬಾಳೆಹಣ್ಣು ಇಡಿ. ಅದು ಬಿಡುವ ಎಥಿಲೀನ್ ಅನಿಲವೇ ಮಾವನ್ನೂ ಮಾಗಿಸುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್ ಮಾತ್ರ ಹತ್ತಿರ ತರಬೇಡಿ. ಹಣ್ಣು ಮಾಗಿಸಲು ಅದನ್ನು ಬಳಸುವುದು ನಮ್ಮ ದೇಶದಲ್ಲಿ ನಿಷಿದ್ಧ. ಅಷ್ಟಕ್ಕೂ ಅದರಿಂದ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ ಅಲ್ವಾ?

ದಿನಾ ಒಮ್ಮೆ ನೋಡಿ, ಕೊಳೆತದ್ದನ್ನು ತೆಗೆದುಬಿಡಿ. ಬಾದಾಮಿ ತಳಿಯ ಮಾವನ್ನು ಘಮ ಬಂದ ಕೂಡಲೇ ತಿನ್ನಬಹುದು. ಮಲ್ಲಿಕಾ ತಳಿಗೆ ತಾಳ್ಮೆ ಜಾಸ್ತಿ ಬೇಕು. ಸಿಪ್ಪೆ ಸ್ವಲ್ಪ ಸುಕ್ಕಾದ ಮೇಲೆ ಕೊಯ್ದರೆ ಅದರ ಸಿಹಿಯೇ ಬೇರೆ! ಪೂರ್ತಿ ಹಣ್ಣಾದ ಮೇಲಷ್ಟೇ ಫ್ರಿಜ್‌ಗೆ ಇಡಿ. ಕಾಯಿ ಇಟ್ಟರೆ ಆಮೇಲೆ ಸರಿಯಾಗಿ ಮಾಗುವುದಿಲ್ಲ.